ಮಡಿಲಿಗೊಂದು ಯಂತ್ರ

ಪತ್ರಿಕೆಗೆ ಏನಾದರೂ ಬರೆದು ಕೊಡಬೇಕೆಂದು ಸಂಪಾದಕರು ಕೇಳಿದಾಗ ನನಗೆ ವಿಷಯವೇ ಇಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಪಕ್ಕದಲ್ಲಿದ್ದ ಗೆಳತಿ ಬಿಡಲಿಲ್ಲ. "ಕಳೆದ ವರ್ಷ ಇಡೀ ಮಳೆಗಾಲ ಲ್ಯಾಪ್‌ಟಾಪು ಲ್ಯಾಪ್‌ಟಾಪು ಎಂದು ನಮ್ಮ ತಲೆ ತಿಂದಿದ್ದೀಯಲ್ಲ, ಅದನ್ನೇ ಬರೆ" ಎಂದಳು. ಅವಳು ಹೇಳಿದುದು ಸುಳ್ಳಲ್ಲ. ಕೊಡೆಯ ಮೇಲೆ, ಚಪ್ಪಲಿಯ ಮೇಲೆ, ನೆಗಡಿಯ ಮೇಲೆ ಪ್ರಬಂಧ ಬರೆದ ಹಿರಿಯರು ನಮ್ಮಲ್ಲಿ ಇರುವಾಗ ಲ್ಯಾಪ್‌ಟಾಪು ಮಾಡಿದ ಪಾಪವೇನು? ಅಧ್ಯಾಪಕ ವೃಂದದವರು ಓದಿ ನಕ್ಕರೆ ನಗಲಿ.

ನಮ್ಮ ಮನೆ ಕಡಬ ತಾಲೂಕಿನ ಒಂದು ಗುಡ್ಡದ ಬದಿಯಲ್ಲಿದೆ. ಬಸ್ಸು ನಿಲ್ಲುವಲ್ಲಿಗೆ ಎರಡು ಕಿಲೋಮೀಟರು ನಡೆಯಬೇಕು. ನಡುವೆ ಒಂದು ತೋಡು, ತೋಡಿಗೊಂದು ಅಡಕೆ ಮರದ ಸಂಕ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ಸಂಕದ ಕೈತಾಂಗಿಗೆ. ಉಳಿದುದೆಲ್ಲ ಬೆನ್ನಿನ ಮೇಲೆ. ಅಲ್ಲಿಂದ ಪುತ್ತೂರಿಗೆ ಒಂದು ಗಂಟೆಗೂ ಮಿಕ್ಕಿ ಬಸ್ಸು ಪ್ರಯಾಣ, ಅದೂ ಹೆಚ್ಚಾಗಿ ನಿಂತೇ. ಅಪ್ಪ ಅಡಕೆ ಕೊಯ್ಯುವವರು, ಮಳೆಗಾಲದಲ್ಲಿ ತೋಟಗಳಿಗೆ ಮದ್ದು ಬಿಡುವವರು. ಅಮ್ಮ ಬೀಡಿ ಕಟ್ಟುವವರು. ನಮ್ಮ ಮನೆತನದಲ್ಲಿ ಹೈಸ್ಕೂಲು ದಾಟಿದವಳು ನಾನೊಬ್ಬಳೇ. ಆದುದರಿಂದ ಈ ಯಂತ್ರವನ್ನು ಹೇಗೆ ಆರಿಸಬೇಕೆಂದು ಮನೆಯಲ್ಲಿ ಯಾರನ್ನೂ ಕೇಳುವಂತಿರಲಿಲ್ಲ.

ಅದು ಬೇಕಾದುದಾದರೂ ಯಾಕೆ? ಎರಡನೆಯ ವರ್ಷದಲ್ಲಿ ನಾನು ಬರೆದ ನಲವತ್ತು ಪುಟಗಳ ಪ್ರಬಂಧವನ್ನು ಪೇಟೆಯ ಒಂದು ಬೆರಳಚ್ಚು ಅಂಗಡಿಗೆ ಕೊಟ್ಟಿದ್ದೆ. ಪುಟಕ್ಕೆ ಇಷ್ಟು ಎಂದು ಲೆಕ್ಕ. ಅವರು ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿ ಕಡತವನ್ನು ನನ್ನ ಮೊಬೈಲಿಗೆ ಕಳುಹಿಸಿದರು. ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ! ರೋಮನ್ ಅಕ್ಷರಗಳೂ ಆವರಣ ಚಿಹ್ನೆಗಳೂ ಸಂತೆಯ ಜನರ ಹಾಗೆ ಒಂದರ ಮೇಲೊಂದು ಬಿದ್ದಿದ್ದುವು. ಯೂನಿಕೋಡಿಗೆ ಪರಿವರ್ತಿಸಿ ಕೊಡಿ ಎಂದೆ. ಕೊಟ್ಟರು, ಆದರೆ ಅರ್ಕಾವೊತ್ತೂ ಒತ್ತಕ್ಷರಗಳೂ ಕಂಡ ಕಂಡಲ್ಲಿ ಕಳಚಿಕೊಂಡಿದ್ದುವು. "ಕರ್ತವ್ಯ" ಎಂಬ ಮಾತು ಏನಾಗಿತ್ತೆಂಬುದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ. ತಿದ್ದಿದ ಪುಟಗಳಿಗೆ ಮತ್ತೊಮ್ಮೆ ದುಡ್ಡು. ಆ ದುಡ್ಡು ಎಷ್ಟು ಬೀಡಿಯದೆಂದು ನನಗೆ ತಕ್ಷಣ ಲೆಕ್ಕ ಸಿಗುತ್ತದೆ, ಏಕೆಂದರೆ ಏಳನೆಯ ತರಗತಿಯಿಂದ ನಾನೂ ಬೀಡಿ ಕಟ್ಟುತ್ತಿದ್ದೇನೆ. ನನ್ನ ಅಕ್ಷರವನ್ನು ನಾನೇ ಒತ್ತಬೇಕೆಂದು ಅಂದೇ ನಿಶ್ಚಯಿಸಿದೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಇಂದು ಸರಕಾರ ಒಪ್ಪಿರುವ ಕನ್ನಡ ಕೀಲಿಮಣೆಯ ಜೋಡಣೆ ರೂಪುಗೊಂಡುದು ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ. ಪಿ. ರಾಯರ ಕೈಯಿಂದ. ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು'. ನಮ್ಮ ಕಡೆಯ ಹಿರಿಯ ಪಂಡಿತರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಛಂದಸ್ಸಿನ ಪಂಡಿತರೊಬ್ಬರ ಹೆಸರು ಕಂಪ್ಯೂಟರಿನೊಳಗೆ ಹೋಗಿ ಕುಳಿತುದನ್ನು ಕನ್ನಡ ತರಗತಿಯಲ್ಲಿ ಕೇಳಿದ ದಿನ, ಈ ಯಂತ್ರದ ಮೇಲೆ ನನಗಿದ್ದ ಅರ್ಧ ಭಯ ಹೋಯಿತು.

ಇನ್ನು ದುಡ್ಡು. ಆ ವರ್ಷ ಅಮ್ಮ ಸ್ವಸಹಾಯ ಸಂಘದಿಂದ 24,000 ರೂಪಾಯಿ ಸಾಲ ತೆಗೆಯುವುದೆಂದು ಮೊದಲೇ ತೀರ್ಮಾನವಾಗಿತ್ತು. ಅದು ಅಡುಗೆಕೋಣೆಯ ಮಾಡಿಗೆ. ಹಂಚು ಜಾರಿ, ಪಕ್ಕಾಸು ಕುಂಬಾಗಿ, ಒಲೆಯ ಪಕ್ಕದಲ್ಲೇ ನೀರು ಬೀಳುತ್ತಿತ್ತು. ನಾನು ಬಾಯಿ ತೆರೆದು ಕೇಳಲಿಲ್ಲ. ಆದರೆ ಬೆರಳಚ್ಚಿನ ಕಥೆಯನ್ನು ಅಮ್ಮನಿಗೆ ಹೇಳಿದ್ದೆ. ಸಂಘದ ಸಭೆಯಲ್ಲಿ ಸಾಲದ ಉದ್ದೇಶವೇನೆಂದು ಕೇಳಿದಾಗ ಅಮ್ಮ "ಮಗಳಿಗೆ ಕಂಪ್ಯೂಟರು" ಎಂದುಬಿಟ್ಟರು. ವಾರಕ್ಕೆ 520 ರೂಪಾಯಿಯಂತೆ ಐವತ್ತು ವಾರ. ಮಾಡಿನ ಕೆಳಗೆ ಒಂದು ಪಾತ್ರೆ ಇಟ್ಟರೆ ಸಾಕೆಂದರು. ಹೀಗಾಗಿ, ಗೆಳತಿಯರು ಏನೇ ಅನ್ನಲಿ, ನಾನು ಆರು ವಾರ ತಲೆ ಕೆಡಿಸಿಕೊಂಡುದು ಶೋಕಿಗಲ್ಲ.

ಸುಳ್ಯದಲ್ಲಿ ನನ್ನ ಸೋದರಮಾವನ ಮಗ ಮೊಬೈಲು ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ನಮ್ಮ ಬಂಧುವರ್ಗದಲ್ಲಿ ಯಂತ್ರಶಾಸ್ತ್ರ ಬಲ್ಲವನೆಂದರೆ ಈ ಭಾವನೊಬ್ಬನೆ. "ಹಳತಾದರೂ ದೊಡ್ಡದು ತೆಗೆ" ಎಂಬುದು ಅವನ ವಾದ. ಹದಿಮೂರು ಸಾವಿರಕ್ಕೆ ಒಂದು ಕಚೇರಿ ಬಳಸಿ ಬಿಟ್ಟ ಯಂತ್ರವನ್ನು ತೋರಿಸಿದ. ಐ5 ಪ್ರೊಸೆಸರು, ಎಂಟು ಜಿಬಿ ರ್ಯಾಮು, ಕೀಲಿಮಣೆಯಂತೂ ಬೆಣ್ಣೆ. ನಾನು ಸೋತೇಬಿಡುತ್ತಿದ್ದೆ. ಆದರೆ ಅದು ಆರನೆಯ ತಲೆಮಾರಿನ ಪ್ರೊಸೆಸರು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್ಲಿನ ಎಂಟನೆಯ ತಲೆಮಾರಿನಿಂದ ಈಚಿನವನ್ನು. ವಿಂಡೋಸ್ 10ಕ್ಕೋ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿಯುವುದೆಂದು ಮೊದಲೇ ಸಾರಿದ್ದರು. ಬ್ಯಾಟರಿ ಮುಕ್ಕಾಲು ಗಂಟೆಯೂ ಬಾರದು. ತೂಕ ಚಾರ್ಜರು ಸೇರಿ ಎರಡೂವರೆ ಕಿಲೋ. ಮನೆಯ ಪಕ್ಕದಲ್ಲೇ ಬಸ್ಸು ಸಿಗುವವರಿಗೆ, ಕರೆಂಟು ಹೋಗದವರಿಗೆ ಅಂಥದು ಒಳ್ಳೆಯ ವ್ಯಾಪಾರವೇ. ಎಂಟನೆಯ ತಲೆಮಾರಿನದು ಸಿಕ್ಕಿದರೆ ಇನ್ನೂ ಒಳ್ಳೆಯದು. ಸಂಕ ದಾಟುವವಳಿಗೆ ಅಲ್ಲ.

ಹೊಸತರಲ್ಲಿ ನನ್ನ ದುಡ್ಡಿಗೆ ಎಟುಕುವಂಥವು ಹೆಚ್ಚಾಗಿ ಕಡಿಮೆ ವಿದ್ಯುತ್ತಿನ ಪ್ರೊಸೆಸರು ಇರುವಂಥವು. ಇವುಗಳ ಹೆಸರು ಕೇಳಿದರೆ ಅಂಗಡಿಯವರೇ ಮೂಗು ಮುರಿಯುತ್ತಾರೆ. ಆ ಮೂಗು ಯಾಕೆ ಮುರಿಯುತ್ತದೆಂದು ತಿಳಿಯಲು ನಾನು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹುಡುಕಿ ಒಂದು ನೋಟುಪುಸ್ತಕ ತುಂಬಿಸಿದೆ. 2019ರ ಕೊನೆಗೆ ಬಂದ ಸೆಲೆರಾನ್ ಎನ್4020 ಎಂಬುದಕ್ಕೆ ಎರಡೇ ತಿರುಳು, ಆರು ವಾಟು. 2023ರ ಆರಂಭದಲ್ಲಿ ಬಂದ ಎನ್100ಕ್ಕೂ ಅದೇ ಆರು ವಾಟು, ಆದರೆ ತಿರುಳು ನಾಲ್ಕು, ಅವೂ ಹೆಚ್ಚು ಚುರುಕಿನವು. ಇವೆರಡನ್ನೂ ಒಂದೇ ಕಪಾಟಿನಲ್ಲಿ ಹತ್ತಿರ ಹತ್ತಿರದ ಬೆಲೆಗೆ ಇಟ್ಟಿರುತ್ತಾರೆ. ನೋಡುವವರಿಗೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ಓದದವರಿಗೆ ಹಳೆಯದೇ ಗತಿ. ಇನ್ನು ಐ3-1215ಯು ಎಂಬುದು ಹದಿನೈದು ವಾಟಿನದು, ಕೆಲಸ ಬಿದ್ದರೆ ಕ್ಷಣಮಾತ್ರಕ್ಕೆ ಐವತ್ತೈದು ವಾಟಿನವರೆಗೂ ಏರಬಲ್ಲುದು. ಬಲಶಾಲಿ, ಸಂದೇಹವಿಲ್ಲ. ಆದರೆ ಬಲಕ್ಕೆ ತಕ್ಕ ಬಿಸಿ, ಬಿಸಿಗೆ ತಕ್ಕ ಫ್ಯಾನು, ಫ್ಯಾನಿಗೆ ತಕ್ಕ ದಪ್ಪ, ಬೆಲೆಯೂ ಮೂವತ್ತು ಸಾವಿರದಿಂದ ಮೇಲೆ.

ಆರು ವಾಟು ಎಂದರೆ ಎಷ್ಟು? ನಮ್ಮ ಜಗಲಿಯ ಎಲ್ಇಡಿ ಬಲ್ಬು ಒಂಬತ್ತು ವಾಟಿನದು. ಆ ಬಲ್ಬಿಗಿಂತ ಕಡಿಮೆ ಉಣ್ಣುವ ಪ್ರಾಣಿ ನನ್ನ ಪದವಿಯ ಕೆಲಸವನ್ನೆಲ್ಲ ಮಾಡೀತೆ ಎಂದು ನನಗೂ ಅನುಮಾನವಿತ್ತು. ಪ್ರೊಸೆಸರು ಒಂದೇ ಉಣ್ಣುವುದೂ ಅಲ್ಲ. ಪರದೆಗೆ ಬೇರೆ ಪಾಲು, ವೈಫೈಗೆ ಬೇರೆ. ಆದರೆ ಬೆರಳಚ್ಚು ಮಾಡುವಾಗ ಪ್ರೊಸೆಸರು ಹೆಚ್ಚಿನ ಹೊತ್ತು ತೂಕಡಿಸುತ್ತಲೇ ಇರುತ್ತದೆ. ಎಲ್ಲ ಕೂಡಿ ಏಳು ವಾಟು ಎಂದಿಟ್ಟುಕೊಂಡರೆ 38 ವಾಟ್-ಗಂಟೆಯ ಬ್ಯಾಟರಿ ಐದು ಗಂಟೆಗೂ ಮೇಲೆ ಬರಬೇಕು. ಐದು ಗಂಟೆಯೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಜೂನು ಜುಲೈ ತಿಂಗಳಲ್ಲಿ ಮರ ಬಿದ್ದು ತಂತಿ ಹರಿದರೆ ರಾತ್ರಿಯಿಡೀ ಕರೆಂಟಿಲ್ಲ. ಗುಡುಗು ಮಿಂಚಿನ ಕಾಲದಲ್ಲಿ ಕರೆಂಟು ಇದ್ದರೂ ಪ್ಲಗ್ಗು ಕೀಳಲೇಬೇಕು.

ಫ್ಯಾನಿನ ವಿಷಯ ನನಗೆ ಹೊಳೆದುದು ತಡವಾಗಿ. ನಮ್ಮದು ಬೀಡಿ ಕಟ್ಟುವ ಮನೆ. ಹೊಗೆಸೊಪ್ಪಿನ ಪುಡಿ ಹೊದಿಕೆಯಲ್ಲೂ ಇದೆ, ನನ್ನ ಪುಸ್ತಕಗಳ ಹಾಳೆಗಳ ನಡುವೆಯೂ ಇದೆ. ಫ್ಯಾನು ಇರುವ ಯಂತ್ರ ಅದನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. "ನಿನ್ನ ಲ್ಯಾಪ್‌ಟಾಪಿಗೆ ಬೀಡಿ ಚಟ ಹಿಡಿಯುತ್ತದೆ" ಎಂದು ಭಾವ ನಕ್ಕ; ನಕ್ಕವನೇ ಆಮೇಲೆ ಗಂಭೀರನಾಗಿ, ಪುಡಿ ತುಂಬಿ ಫ್ಯಾನು ನಿಂತ ಯಂತ್ರಗಳನ್ನು ತಾನು ಬಿಚ್ಚಿದ ಕಥೆ ಹೇಳಿದ. ಆರು ವಾಟಿನವುಗಳಲ್ಲಿ ಕೆಲವಕ್ಕೆ ಫ್ಯಾನೇ ಇಲ್ಲ. ಅಲ್ಲಿಗೆ ಭಾವನೂ ನನ್ನ ಪಕ್ಷಕ್ಕೆ ಬಂದ ಹಾಗಾಯಿತು.

ಇದನ್ನೆಲ್ಲ ನಮ್ಮ ಅಧ್ಯಾಪಕರೊಬ್ಬರಲ್ಲಿ ಹೇಳಿದಾಗ ಅವರು ಸಿಂಪ್ಯೂಟರಿನ ಕಥೆ ತೆಗೆದರು. ಕಡಿಮೆ ಬೆಲೆಗೆ, ಕಡಿಮೆ ವಿದ್ಯುತ್ತಿಗೆ, ಕೈಯಲ್ಲಿ ಹಿಡಿಯುವಂಥ ಕಂಪ್ಯೂಟರೊಂದನ್ನು ಮಾಡಬೇಕೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ವಿಜ್ಞಾನಿಗಳು ಮತ್ತಿತರರು ಸೇರಿ 1999ರಲ್ಲಿ ಒಂದು ನ್ಯಾಸವನ್ನೇ ಕಟ್ಟಿದ್ದರಂತೆ. ಇಂಗ್ಲಿಷು ಬಾರದ ಹಳ್ಳಿಯವರಿಗೂ ಸಿಗಬೇಕು, ಕನ್ನಡವನ್ನೂ ತೋರಿಸಬೇಕು ಎಂಬುದು ಅವರ ಹಟ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸಿನವರು ಅದನ್ನು ತಯಾರಿಸಿ ಮಾರುಕಟ್ಟೆಗೂ ತಂದರು. ಎಣಿಸಿದಷ್ಟು ಮಾರಾಟವಾಗಲಿಲ್ಲ, ಮುಂದೆ ಮೊಬೈಲುಗಳು ಬಂದು ಆ ಜಾಗವನ್ನೆಲ್ಲ ಹಿಡಿದುಕೊಂಡುವು. "ನೀನು ಈಗ ಹುಡುಕುತ್ತಿರುವುದನ್ನೇ ಅವರು ನಿನ್ನಂಥವರಿಗಾಗಿ ಹುಡುಕಿದ್ದರು" ಎಂದರು ಅಧ್ಯಾಪಕರು. ನಾನು ಹುಟ್ಟುವ ಮೊದಲೇ ಬೆಂಗಳೂರಿನಲ್ಲಿ ಯಾರೋ ನನ್ನ ನೋಟುಪುಸ್ತಕವನ್ನು ಬರೆಯತೊಡಗಿದ್ದರೆಂದು ತಿಳಿದು ನನಗೆ ಬಹಳ ಸಂತೋಷವಾಯಿತು.

ತೀರಾ ಅಗ್ಗದ್ದನ್ನೂ ನೋಡದೆ ಇರಲಿಲ್ಲ. 2023ರಲ್ಲಿ ಜಿಯೋಬುಕ್ ಎಂಬುದು 16,499 ರೂಪಾಯಿಗೆ ಬಂದಿತ್ತು. ತೂಕ 990 ಗ್ರಾಮು ಮಾತ್ರ, ಬೆನ್ನಿಗೆ ಹಬ್ಬವೇ. ಆದರೆ ನಾಲ್ಕು ಜಿಬಿ ರ್ಯಾಮು, 64 ಜಿಬಿ ಸಂಗ್ರಹ. ಅದರಲ್ಲಿರುವುದು ವಿಂಡೋಸೂ ಅಲ್ಲ, ಆದುದರಿಂದ ನಾವು ಬಳಸುವ ನುಡಿ ತಂತ್ರಾಂಶ ಅದರಲ್ಲಿ ಕೂರದು. ನನ್ನ ಲೆಕ್ಕದಲ್ಲಿ ಜಿಪುಣತನ ಮಾಡಬೇಕಾದುದು ಪ್ರೊಸೆಸರಿನಲ್ಲಿಯೇ ಹೊರತು ರ್ಯಾಮಿನಲ್ಲಿ ಅಲ್ಲ. ವಿಂಡೋಸ್ 11ಕ್ಕೆ ನಾಲ್ಕು ಜಿಬಿ ಸಾಕೆಂದು ಪೆಟ್ಟಿಗೆಯ ಮೇಲೆ ಬರೆದಿರಬಹುದು. ಅನ್ನಕ್ಕೆ ಉಪ್ಪು ಸಾಕೆಂದ ಹಾಗೆ. ಎಂಟು ಬೇಕೇ ಬೇಕು. ಸಂಗ್ರಹವೂ ಹಲಗೆಗೇ ಬೆಸೆದು ಕೂರಿಸಿದ ಇಎಂಎಂಸಿ ಆಗಬಾರದು, ಬಿಚ್ಚಿ ಬದಲಿಸಬಹುದಾದ ಎಸ್ಎಸ್‌ಡಿ ಆಗಬೇಕು.

ಕೊಳ್ಳುವ ದಿನ ಅಮ್ಮನೂ ಪುತ್ತೂರಿಗೆ ಬಂದರು. ದುಡ್ಡು ಸೆರಗಿನ ಗಂಟಿನಲ್ಲಿತ್ತು. ಅಂಗಡಿಯಾತ ನಾನು ಕೇಳಿದ ಎನ್100ನ್ನು ಒಳಗಿನಿಂದ ತಂದಿಟ್ಟು, "ತಂಗೀ, ಇದು ಬರೀ ಟೈಪು ಮಾಡಲಿಕ್ಕೆ ಆಗುತ್ತದೆ ಅಷ್ಟೆ, ಕಂತಿನಲ್ಲಿ ಇದನ್ನು ನೋಡಿ" ಎಂದು ಹದಿನೈದು ಅಂಗುಲದ ಇನ್ನೊಂದನ್ನು ಪಕ್ಕದಲ್ಲಿಟ್ಟ. ದೊಡ್ಡದರ ಪರದೆಯಲ್ಲಿ ಸಮುದ್ರ, ಪರ್ವತ, ಗಿಳಿ. ನಿಜ ಹೇಳುತ್ತೇನೆ, ನೋಟುಪುಸ್ತಕವೆಲ್ಲ ಮರೆತುಹೋಯಿತು. ಬರೀ ಟೈಪು ಎಂಬ ಆ ಮಾತು ಕಿವಿಯಲ್ಲಿ ಉಳಿಯಿತು. ಕಡಿಮೆಯದನ್ನೇ ಕೇಳಿ ಕೇಳಿ ಬೆಳೆದವಳಿಗೆ ಒಮ್ಮೆಯಾದರೂ ದೊಡ್ಡದನ್ನು ಎತ್ತಿಕೊಂಡು ಹೊರಬರಬೇಕೆಂಬ ಆಸೆ ಇರುವುದಿಲ್ಲವೆ?

ಅಷ್ಟರಲ್ಲಿ ಅಮ್ಮ ಎರಡನ್ನೂ ಒಂದೊಂದಾಗಿ ಕೈಯಲ್ಲಿ ಎತ್ತಿ ನೋಡಿದರು, ಬೀಡಿ ಎಲೆಯ ಕಟ್ಟನ್ನು ತೂಗಿ ನೋಡುವ ಹಾಗೆ. ಆಮೇಲೆ ತುಳುವಿನಲ್ಲಿ ನನ್ನನ್ನು ಕೇಳಿದರು: "ಇದನ್ನು ಮಡಿಲಲ್ಲಿ ಇಟ್ಟುಕೊಳ್ಳುವುದಲ್ಲವಾ? ಯಾವುದು ಬಿಸಿಯಾಗುವುದಿಲ್ಲ?"

ಇಪ್ಪತ್ತೈದು ವರ್ಷಗಳಿಂದ ಅಮ್ಮನ ಮಡಿಲಲ್ಲಿ ಒಂದು ಗೆರಸೆ ಇದೆ. ಅದರಲ್ಲಿ ಎಲೆ, ಪುಡಿ, ನೂಲು, ಕತ್ತರಿ. ಭಾರ ಒಂದಿಷ್ಟು ಹೆಚ್ಚಾದರೆ ಸಂಜೆಗೆ ತೊಡೆ ಏನಾಗುತ್ತದೆ, ಬೆನ್ನು ಏನಾಗುತ್ತದೆ ಎಂಬುದು ಅವರಿಗೆ ತಿಳಿದಷ್ಟು ಆ ಅಂಗಡಿಯಲ್ಲಿ ಯಾರಿಗೂ ತಿಳಿದಿರಲಾರದು. ನಾನು ಚಿಕ್ಕದನ್ನು ತೋರಿಸಿದೆ. "ಹಾಗಾದರೆ ಅದೇ ಆಗಲಿ" ಎಂದು ಅಮ್ಮ ಸೆರಗಿನ ಗಂಟು ಬಿಚ್ಚಿದರು. 23,800 ರೂಪಾಯಿ. ಹದಿನಾಲ್ಕು ಅಂಗುಲ, ಎಂಟು ಜಿಬಿ, 256 ಜಿಬಿಯ ಎಸ್ಎಸ್‌ಡಿ, ಒಂದು ಕಿಲೋ ಮುನ್ನೂರು ಗ್ರಾಮು. ಉಳಿದ ಇನ್ನೂರರಲ್ಲಿ ನೀರು ಹೋಗದ ಒಂದು ಚೀಲಕ್ಕೆ ಚೌಕಾಸಿ ಮಾಡಿ ಸೋತೆವು. ಈಗಲೂ ಅದನ್ನು ರಬ್ಬರ್ ತೋಟದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಯೇ ಸಂಕ ದಾಟಿಸುತ್ತಿದ್ದೇನೆ. ಕಂಪೆನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ನನಗೆ ದಲ್ಲಾಳಿ ಸಿಕ್ಕಿದೆಯೆಂದು ನಮ್ಮ ತರಗತಿಯವರು ಪಾರ್ಟಿ ಕೇಳುತ್ತಾರೆ.

ದೋಷಗಳಿಲ್ಲವೆಂದಲ್ಲ. ಹತ್ತು ಹದಿನೈದು ಪುಟಗಳನ್ನು ಒಟ್ಟಿಗೆ ತೆರೆದರೆ ನಿಂತು ಯೋಚಿಸುತ್ತದೆ. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ. ತಮ್ಮನಿಗೆ ಬೇಕಾದ ಆಟಗಳನ್ನು ಅದು ಆಡಿಸುವುದಿಲ್ಲ, ಇದನ್ನು ನಾನು ಗುಣವೆಂದೇ ಎಣಿಸಿದ್ದೇನೆ. ಆದರೆ ಈ ವರ್ಷದ ಪ್ರಬಂಧವನ್ನು ಒಂದು ಒತ್ತಕ್ಷರವೂ ಕಳಚದ ಹಾಗೆ ನಾನೇ ಬೆರಳಚ್ಚು ಮಾಡಿದೆ. ಎಂ.ಎ. ಪ್ರವೇಶದ ಅರ್ಜಿಯೂ ಅದರಲ್ಲೇ ತುಂಬಿದುದು. ಪಕ್ಕದ ಮನೆಗಳ ಮೂವರು ಹುಡುಗಿಯರ ವಿದ್ಯಾರ್ಥಿವೇತನದ ಅರ್ಜಿಗಳನ್ನೂ ತುಂಬಿಸಿ ಕೊಟ್ಟೆ. ಸಂಘದ ಕಂತು ಇನ್ನು ಏಳು ವಾರ ಉಳಿದಿದೆ.

ಮೊನ್ನೆ ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ಅಡುಗೆಕೋಣೆಯ ಪಾತ್ರೆಯಲ್ಲಿ ನೀರು ಟಪಟಪನೆ ಬೀಳುತ್ತಿತ್ತು. ನಾನು ಜಗಲಿಯಲ್ಲಿ ಇದೇ ಲೇಖನವನ್ನು ಬರೆಯುತ್ತಿದ್ದೆ. ಬ್ಯಾಟರಿ ಉಳಿಯಲೆಂದು ಪರದೆಯ ಬೆಳಕನ್ನು ಆದಷ್ಟು ತಗ್ಗಿಸಿದ್ದೆ. ಅಮ್ಮ ಗೆರಸೆಯೊಂದಿಗೆ ಪಕ್ಕಕ್ಕೆ ಬಂದು ಕುಳಿತರು. ಬೆಳಗ್ಗೆ ಬ್ರಾಂಚಿಗೆ ಕೊಡಲು ಇನ್ನೂ ಎರಡು ಕಟ್ಟು ಬಾಕಿಯಿತ್ತು. "ಮಗಳೇ, ಅದನ್ನು ಸ್ವಲ್ಪ ಈಚೆಗೆ ತಿರುಗಿಸು, ನೂಲು ಕಾಣುವುದಿಲ್ಲ" ಎಂದರು. ತಿರುಗಿಸಿದೆ. ಬೆಳಕನ್ನೂ ಪೂರ್ತಿ ಏರಿಸಿದೆ.