ಒಳಗಿನಿಂದ ಬರುವ ತುಕ್ಕು

ತಿ. ನರಸೀಪುರದ ಪ್ರೌಢಶಾಲೆಯೊಂದರಲ್ಲಿ ಅದು ನನ್ನ ಅಭ್ಯಾಸ ಬೋಧನೆಯ ಏಳನೆಯ ಪಾಠ. ಹತ್ತನೆಯ ತರಗತಿ, ಘಟಕ ‘ಲೋಹಗಳು ಮತ್ತು ಅಲೋಹಗಳು’, ಉಪಘಟಕ ಲೋಹಗಳ ನಶಿಸುವಿಕೆ. ಐದು ದಿನ ಮೊದಲೇ ಮೂರು ಪ್ರನಾಳಗಳಲ್ಲಿ ಮೊಳೆ ಹಾಕಿಟ್ಟಿದ್ದೆ. ಮೊದಲನೆಯದರಲ್ಲಿ ನೀರು ಮತ್ತು ಗಾಳಿ. ಎರಡನೆಯದರಲ್ಲಿ ಕುದಿಸಿದ ನೀರು, ಅದರ ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್. ಪುಸ್ತಕದಲ್ಲಿ ಇದ್ದಂತೆಯೇ ಮೊದಲನೆಯ ಮೊಳೆಗೆ ಮಾತ್ರ ತುಕ್ಕು ಹಿಡಿದಿತ್ತು. ಪ್ರಯೋಗ ಕೈಕೊಡದೆ ಬಂದದ್ದೇ ನನಗೆ ದೊಡ್ಡ ಸಮಾಧಾನ. ತುಕ್ಕಿಗೆ ಗಾಳಿ, ನೀರು ಎರಡೂ ಬೇಕು, ಆದ್ದರಿಂದ ಬಣ್ಣ ಬಳಿದರೆ ತುಕ್ಕು ತಡೆಯಬಹುದು ಎಂದು ಕಪ್ಪುಹಲಗೆಯ ಮೇಲೆ ಬರೆದೆ.

ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಪೇಂಟ್ ಹೊಡೆದ್ರೂ ಒಳಗಿಂದ ತುಕ್ಕು ಬರುತ್ತೆ. ಮೊದ್ಲು ಒಳಗೇ ತಿಂದಿರುತ್ತೆ, ಆಮೇಲೆ ಹೊರಗೆ ಕಾಣೋದು ಅಂತಾರೆ ನಮ್ಮಪ್ಪ.”

“ಒಳಗೆ ಗಾಳಿಯೇ ಹೋಗಲ್ಲವಲ್ಲಮ್ಮ. ಗಾಳಿ ಇಲ್ಲದ ಕಡೆ ತುಕ್ಕು ಬರಲ್ಲ, ಈಗ ತಾನೇ ನೋಡಿದ್ವಿ. ಕೂತ್ಕೊ” ಎಂದೆ. ಎರಡನೆಯ ಪ್ರನಾಳವನ್ನು ಎತ್ತಿ ತೋರಿಸಿದೆ ಕೂಡ. ಅವಳು ಕೂತಳು.

ಹಿಂದೆ ಕುಳಿತು ನೋಡುತ್ತಿದ್ದ ಮೇಡಂ ವೀಕ್ಷಣಾ ನಮೂನೆಯಲ್ಲಿ ಪ್ರಯೋಗವನ್ನು ಮೆಚ್ಚಿದ್ದರು. ಕೊನೆಯಲ್ಲಿ ಒಂದು ಸಾಲು: ‘ವಿದ್ಯಾರ್ಥಿನಿಯ ಅನುಭವವನ್ನು ಏಕೆ ಕೈಬಿಟ್ಟಿರಿ?’ ಸ್ವಾವಲೋಕನದ ಅಂಕಣದಲ್ಲಿ ನಾನು ‘ಸಮಯದ ಅಭಾವ’ ಎಂದು ಬರೆದೆ. ನಿಜವಾಗಿ ಗಂಟೆ ಹೊಡೆಯಲು ಇನ್ನೂ ಹನ್ನೊಂದು ನಿಮಿಷ ಇತ್ತು.

ನಮ್ಮ ಮನೆ ನಂಜನಗೂಡಿನಲ್ಲಿ. ಅಪ್ಪ ಮದುವೆ, ನಾಮಕರಣಗಳಿಗೆ ಅಡುಗೆ ಕಂಟ್ರಾಕ್ಟ್ ಹಿಡಿಯುವವರು. ಪಾತ್ರೆ ಸಾಗಿಸಲು 2009ರಲ್ಲಿ ಕೊಂಡ ಓಮ್ನಿ ವ್ಯಾನ್ ಇದೆ. ಹದಿನೈದು ವರ್ಷ ಮುಗಿದಿದ್ದರಿಂದ ನೋಂದಣಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಗಾಡಿ ತೋರಿಸಬೇಕಿತ್ತು. ಜಾರುವ ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. ಶೆಡ್ಡಿನಲ್ಲಿ ಇಪ್ಪತ್ತೆರಡು ಸಾವಿರ ಕೇಳಿದರು. ಅಷ್ಟು ಹಣ ಇರಲಿಲ್ಲ. ಗಾಡಿ ನಿಂತರೆ ಮುಂದಿನ ಲಗ್ನದ ಆರ್ಡರುಗಳೂ ನಿಲ್ಲುತ್ತಿದ್ದವು.

ತಿ. ನರಸೀಪುರದಲ್ಲಿ ನನ್ನ ಸೋದರಮಾವ ಕಿಟಕಿ ಗ್ರಿಲ್, ಗೇಟು ಮಾಡುತ್ತಾರೆ. ಇಂಟರ್ನ್‌ಶಿಪ್ ಮುಗಿಯುವವರೆಗೆ ನಾನು ಉಳಿದಿದ್ದೂ ಅವರ ಮನೆಯಲ್ಲೇ. ಆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಮೇಲೆ ಅವರ ಸಣ್ಣ ವೆಲ್ಡಿಂಗ್ ಮಿಷನ್ನು, ಗ್ರೈಂಡರು ಎರಡನ್ನೂ ಬಸ್ಸಿಗೆ ಹಾಕಿಕೊಂಡು ಊರಿಗೆ ಬಂದೆ. ಮಾವ ಭಾನುವಾರ ಬರುತ್ತೇನೆ ಎಂದಿದ್ದರು. ಅಲ್ಲಿಯವರೆಗೆ ಕಾಯಬೇಕಿತ್ತು. ಬಿಎಸ್ಸಿ ಓದಿದವನಿಗೆ ಒಂದು ತೇಪೆ ಹಾಕಲು ಬರುವುದಿಲ್ಲವೇ ಎಂಬ ಹುಮ್ಮಸ್ಸಿನಲ್ಲಿ ಸಂಜೆಯೇ ಶುರು ಮಾಡಿದೆ.

ಗುಳ್ಳೆಯ ಮೇಲಿನ ಬಣ್ಣ ಉಜ್ಜಿದೆ. ಅಂಗೈಯಷ್ಟು ತಗಡು ಕತ್ತರಿಸಿ ಮೇಲಿಟ್ಟು, ಗ್ರಿಲ್ಲಿಗೆ ಬಳಸುವ ರಾಡನ್ನೇ ಸಿಕ್ಕಿಸಿ ಅಂಚಿಗೆ ತಾಗಿಸಿದೆ. ಕಿಡಿ ಹಾರಿತು, ಅಂಚು ಕಾಣೆಯಾಯಿತು. ಪಕ್ಕಕ್ಕೆ ತಾಗಿಸಿದೆ, ಅಲ್ಲೂ ತೂತು. ಹತ್ತು ನಿಮಿಷದಲ್ಲಿ ಒಂದು ರೂಪಾಯಿ ನಾಣ್ಯದಷ್ಟಿದ್ದ ತೂತು ಅಂಗೈ ಅಗಲವಾಯಿತು. ತೇಪೆ ಕೆಳಗೆ ಬಿತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬಂದ ಮಾವ ಮೊದಲು ಕೇಳಿದ್ದು, “ಬ್ಯಾಟರಿ ತಂತಿ ತೆಗ್ದಿದ್ದೀಯೇನೋ? ಪೆಟ್ರೋಲ್ ಟ್ಯಾಂಕು?” ಎರಡೂ ತೆಗೆದಿರಲಿಲ್ಲ. ಆಮೇಲೆ ಅವರು ಬೈದ ಬೈಗುಳ ಈ ಪತ್ರಿಕೆಯಲ್ಲಿ ಅಚ್ಚಾಗುವಂಥದ್ದಲ್ಲ. ಟ್ಯಾಂಕ್ ಬಿಚ್ಚಿ ಹಿತ್ತಲಾಚೆ ಒಯ್ದಿಟ್ಟೆವು. ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಪೆಟ್ರೋಲಿನ ಆವಿ ಗಾಳಿಯೊಂದಿಗೆ ಬೆರೆತು ಕುಳಿತಿರುತ್ತದೆ. ಸೀಟು, ಮ್ಯಾಟು ತೆಗೆದೆವು. ಒಂದು ಬಕೆಟ್ ನೀರು, ಒಂದು ಬಾಂಡಲಿ ಮರಳು ಪಕ್ಕಕ್ಕೆ ಬಂತು.

ಮಾವ ಸ್ಕ್ರೂಡ್ರೈವರ್ ತೆಗೆದುಕೊಂಡು, ಹೊರಗಿನಿಂದ ಫಳಫಳ ಹೊಳೆಯುತ್ತಿದ್ದ ಕಡೆಯನ್ನು ಚುಚ್ಚಿದರು. ಬಿಸ್ಕತ್ತಿನಂತೆ ಒಳಗೆ ಹೋಯಿತು. ಅವರು ಸೀಮೆಸುಣ್ಣದಲ್ಲಿ ಗೆರೆ ಎಳೆದಾಗ ಅದು ನನ್ನ ತೂತಿನ ನಾಲ್ಕು ಪಟ್ಟು ದೊಡ್ಡದಿತ್ತು. “ಗಟ್ಟಿ ತಗಡು ಸಿಗೋವರೆಗೂ ಕುಯ್ಯಬೇಕು. ಕೊಳೆತ ತಗಡಿಗೆ ಬೆಸುಗೆ ಹಿಡಿಯಲ್ಲ ಕಣೋ.”

ಗ್ರೈಂಡರಿನಿಂದ ಕತ್ತರಿಸಿ ತೆಗೆದ ತುಂಡನ್ನು ತಿರುಗಿಸಿ ನೋಡಿದೆ. ಹೊರಮೈ ಬಿಳಿ ಬಣ್ಣ. ಅದರ ಹಿಂದೆ ಮೂರು ವರ್ಷದ ಕೆಳಗೆ ಯಾರೋ ಮೆತ್ತಿದ ಪುಟ್ಟಿ. ಪುಟ್ಟಿಯ ಹಿಂದೆ ಕಬ್ಬಿಣವೇ ಇರಲಿಲ್ಲ, ಪದರ ಪದರ ತುಕ್ಕು. ಪಟ್ಟಿಯ ಟೊಳ್ಳಿನೊಳಗೆ ಒಂದು ಹಿಡಿ ಮೆತ್ತನೆಯ ಮಣ್ಣು. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ತಗ್ಗಿನ ಬೀದಿಗಳಿಗೆಲ್ಲ ನೀರು ನುಗ್ಗಿದಾಗ ವ್ಯಾನು ಎರಡು ದಿನ ಮೊಣಕಾಲುದ್ದ ನೀರಿನಲ್ಲಿ ನಿಂತಿತ್ತು. ಹೊರಗೆ ತೊಳೆದಿದ್ದೆವು. ಒಳಗಿನ ಮಣ್ಣು ನೀರಿಳಿಯುವ ಸಣ್ಣ ತೂತುಗಳನ್ನು ಮುಚ್ಚಿಕೊಂಡು ಅಲ್ಲೇ ಉಳಿದಿತ್ತು. ಅದರ ಮೇಲೆ ವರ್ಷಗಟ್ಟಲೆ ಸಾರಿನ, ಉಪ್ಪಿನಕಾಯಿಯ ಉಪ್ಪುನೀರು ಸೋರಿತ್ತು.

ಆ ತುಂಡನ್ನು ಹಿಡಿದುಕೊಂಡೇ ನನಗೆ ಮೂರನೆಯ ಬೆಂಚು ನೆನಪಾದದ್ದು. ಮಣ್ಣಿನ ಅಡಿಯಲ್ಲಿ ಗಾಳಿ ಕಡಿಮೆ. ನಾನು ತರಗತಿಯಲ್ಲಿ ಹೇಳಿದ ಪ್ರಕಾರ ಅಲ್ಲಿ ತುಕ್ಕು ಕಡಿಮೆ ಇರಬೇಕು. ಅಲ್ಲೇ ಅತಿ ಹೆಚ್ಚು ತಿಂದಿತ್ತು. ಇದರ ಕಾರಣವನ್ನು ಪದವಿಯ ವಿದ್ಯುದ್ರಸಾಯನದಲ್ಲಿ ಓದಿ ಅಂಕವನ್ನೂ ಪಡೆದಿದ್ದೆ. ತೇವವಾಗಿರುವ ಒಂದೇ ತಗಡಿನಲ್ಲಿ ಒಂದು ಕಡೆ ಆಮ್ಲಜನಕ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೆ ಅದೊಂದು ಪುಟ್ಟ ವಿದ್ಯುತ್ಕೋಶವಾಗುತ್ತದೆ. ಕಡಿಮೆ ಇರುವ ಕಡೆ ಆನೋಡ್. ಅಲ್ಲಿ ಕಬ್ಬಿಣ ಇಲೆಕ್ಟ್ರಾನು ಕಳೆದುಕೊಂಡು ಕರಗುತ್ತದೆ. ಆ ಇಲೆಕ್ಟ್ರಾನುಗಳು ತಗಡಿನ ಮೂಲಕವೇ ಸಾಗಿ ಹೆಚ್ಚು ಗಾಳಿ ಇರುವ ಅಂಚಿನಲ್ಲಿ ಆಮ್ಲಜನಕವನ್ನು ಸೇರುತ್ತವೆ. ಉಪ್ಪು ನೀರಿನ ವಾಹಕತೆ ಹೆಚ್ಚಿಸಿ ಕೆಲಸ ಚುರುಕು ಮಾಡುತ್ತದೆ. ಗಾಳಿ ಬೇಕು ಎಂಬುದು ಸುಳ್ಳಲ್ಲ. ಆದರೆ ತಿನ್ನುವ ಜಾಗದಲ್ಲೇ ಇರಬೇಕಿಲ್ಲ. ಮೊಳೆಯ ಪ್ರಯೋಗ ಇಷ್ಟನ್ನು ಹೇಳುವುದಿಲ್ಲ, ನಾನು ಅದರ ಬಾಯಿಂದ ಹೇಳಿಸಿದ್ದೆ.

ಉಳಿದ ಕೆಲಸಕ್ಕೆ ಇಡೀ ದಿನ ಹಿಡಿಯಿತು. ಗಾಡಿಯ ತಗಡು ಒಂದು ಮಿಲಿಮೀಟರಿಗಿಂತ ತೆಳು. ನಿಜವಾಗಿ ಇದಕ್ಕೆ ಸಿಒಟು ವೆಲ್ಡಿಂಗೇ ಸರಿ, ಆದರೆ ಮಾವನ ಬಳಿ ಅದಿಲ್ಲ. ಸಣ್ಣ ರಾಡು ಹಾಕಿ ಕರೆಂಟು ಇಳಿಸಿದರು. ನಾನು ಮನೆ ಮೇಲಿನ ಜಿಂಕ್ ಶೀಟಿನ ತುಂಡು ತಂದರೆ ಬೇಡವೆಂದರು. ಸತು ಉರಿದು ಬಿಳಿ ಹೊಗೆಯಾಗುತ್ತದೆ, ಕುಡಿದರೆ ರಾತ್ರಿ ಚಳಿಜ್ವರ. ಹಳೆಯ ತಾಮ್ರದ ಪೈಪನ್ನು ಬಡಿದು ಚಪ್ಪಟೆ ಮಾಡಿ ತೇಪೆಯ ಹಿಂದೆ ಒತ್ತಿ ಹಿಡಿಯಲು ನನಗೆ ಕೊಟ್ಟರು. ತಾಮ್ರ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ತಗಡು ತೂತಾಗುವುದಿಲ್ಲ, ಕರಗಿದ ಕಬ್ಬಿಣ ಅದಕ್ಕೆ ಅಂಟುವುದೂ ಇಲ್ಲ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಎದುರು ತುದಿಯಲ್ಲಿ, ನಡುವೆ ತಣಿಯುವವರೆಗೆ ಬೀಡಿ. ಒಂದೇ ಸಮನೆ ಎಳೆದರೆ ಹಿಗ್ಗಿದ ತಗಡು ತಣಿಯುವಾಗ ಸೊಟ್ಟಗಾಗುತ್ತದೆ. ಮೂರನೆಯ ಬದಿ ನನಗೆ ಬಿಟ್ಟರು. ನನ್ನ ಚುಕ್ಕೆಗಳಲ್ಲಿ ಅರ್ಧವನ್ನು ಗ್ರೈಂಡರಿನಲ್ಲಿ ತೆಗೆದು ಮತ್ತೆ ಹಾಕಿಸಿದರು. ಸಂಜೆ ತುಕ್ಕು ತಡೆಯುವ ಪ್ರೈಮರು, ಅದರ ಮೇಲೆ ಬಿಳಿ ಬಣ್ಣ ಹೊಡೆದೆವು. ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ. ಹತ್ತಿರದಿಂದ ಗೊತ್ತಾಗುತ್ತದೆ.

ಸೋಮವಾರ ಮಾರ್ಗದರ್ಶಕ ಶಿಕ್ಷಕರನ್ನು ಕೇಳಿ ಒಂದು ಅವಧಿ ಪಡೆದೆ. ಯೋಜನೆಯಲ್ಲಿ ಆ ದಿನ ಮಿಶ್ರಲೋಹಗಳಿದ್ದವು, ದೆಹಲಿಯ ಸುಮಾರು ಏಳು ಮೀಟರಿನ ಕಬ್ಬಿಣದ ಕಂಬದ ಚಿತ್ರವನ್ನೂ ಬರೆದಿಟ್ಟಿದ್ದೆ. ಅದನ್ನು ಪಕ್ಕಕ್ಕಿಟ್ಟು, ಪತ್ರಿಕೆಯಲ್ಲಿ ಸುತ್ತಿ ತಂದಿದ್ದ ತಗಡಿನ ತುಂಡುಗಳನ್ನು ಬೆಂಚಿಗೊಂದರಂತೆ ಕೊಟ್ಟೆ. “ಶುಕ್ರವಾರ ನಾನು ತಪ್ಪು ಹೇಳಿದೆ, ಇವಳು ಸರಿ ಹೇಳಿದ್ದಳು” ಎಂದೆ. ಹಿಂದಿನ ಸಾಲು ಜೋರಾಗಿ ನಕ್ಕಿತು. ಅವಳು ತಲೆ ತಗ್ಗಿಸಿದಳು. ಎಲ್ಲರ ಮುಂದೆ ಹಾಗೆ ಎತ್ತಿ ಹೇಳಿದ್ದು ಅವಳಿಗೆ ಇಷ್ಟವಾಯಿತೋ ಇಲ್ಲವೋ ನನಗಿನ್ನೂ ತಿಳಿದಿಲ್ಲ.

ಪಾಠ ಗೊಂದಲವಾಗಿಯೇ ನಡೆಯಿತು. ಇಬ್ಬರು ತುಂಡಿಗಾಗಿ ಕಿತ್ತಾಡಿದರು, ಒಬ್ಬನ ಬಿಳಿ ಅಂಗಿ ಕೆಂಪಾಯಿತು. ಒಬ್ಬ ಹುಡುಗ ಪಂಪ್‌ಸೆಟ್ಟಿನ ಪೈಪು ಮಣ್ಣಿನಲ್ಲಿ ಹುಗಿದ ಭಾಗದಲ್ಲೇ ಏಕೆ ತೂತಾಗುತ್ತದೆ ಎಂದು ಕೇಳಿದ. ಸತುವಿನ ಲೇಪನ ಒಡೆದರೂ ಕಬ್ಬಿಣ ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆ ಪಾಠದಲ್ಲಿದೆ. ಬಣ್ಣಕ್ಕೆ ಆ ಗುಣ ಇಲ್ಲ, ಸತು ತಾನು ಮೊದಲು ಕರಗಿ ಕಬ್ಬಿಣವನ್ನು ಕಾಯುತ್ತದೆ ಎಂದು ವಿವರಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಮೌಲ್ಯಮಾಪನದ ಹಂತ ಉಳಿದೇಹೋಯಿತು. ಆ ಪಾಠಕ್ಕೆ ನನಗೆ ಬಂದ ಅಂಕ ಏಳನೆಯ ಪಾಠಕ್ಕಿಂತ ಕಡಿಮೆ. ಅದು ನ್ಯಾಯವೇ.

ಮಕ್ಕಳು ಹೊರಟ ಮೇಲೆ ಅವಳು ಮೇಜಿನ ಬಳಿ ಬಂದಳು. ಮೊಬೈಲಿನಲ್ಲಿ ತೇಪೆಯ ಫೋಟೋ ತೋರಿಸಿದೆ. ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

“ಒಳಗಡೆ ಏನು ಹಚ್ಚಿದ್ರಿ ಸರ್?”

“ಒಳಗಡೆ?”

“ವೆಲ್ಡಿಂಗ್ ಶಾಖಕ್ಕೆ ಹಿಂದಿನ ಪೇಂಟೂ ಉರಿದುಹೋಗಿರುತ್ತಲ್ಲ ಸರ್. ನಮ್ಮಪ್ಪ ಅಲ್ಲಿಗೆ ಪೈಪ್ ಹಾಕಿ ಕೋಟಿಂಗ್ ಹೊಡೀತಾರೆ.”

ನಾವು ಹೊರಗೆ ಮಾತ್ರ ಹೊಡೆದಿದ್ದೆವು. ಗ್ರಿಲ್ಲಿಗೆ ಒಳಗು ಇರುವುದಿಲ್ಲ, ಮಾವನಿಗೂ ಹೊಳೆದಿರಲಿಲ್ಲ. ಅವಳ ತಂದೆಯ ಶೆಡ್ಡು ಎಲ್ಲಿದೆ ಎಂದು ಕೇಳಿ ಬರೆದುಕೊಂಡೆ. ಸಂಜೆ ಅಪ್ಪನಿಗೆ ಫೋನ್ ಮಾಡಿ, ಭಾನುವಾರದ ಆರ್ಡರಿಗೆ ಪಾತ್ರೆ ತುಂಬುವ ಮೊದಲು ವ್ಯಾನನ್ನು ತಿ. ನರಸೀಪುರಕ್ಕೆ ತರಬೇಕು ಎಂದೆ.

“ಮತ್ತೆ ಕುಯ್ತೀಯಾ?” ಎಂದರು ಅಪ್ಪ.