ನೆರಳಿಗೆ ನಾಲ್ಕೇ ಬಣ್ಣ

ಕಾಗದ ದೊಡ್ಡದಿದ್ದರೆ ಮಾವಿನಹಣ್ಣು ಬಿಡಿಸುವುದು ಯಾರಿಗಾದರೂ ಬರುತ್ತದೆ. ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಹದಿನಾರು, ಒಟ್ಟು 256 ಚೌಕಗಳೊಳಗೆ ಅದೇ ಹಣ್ಣನ್ನು ಬಿಡಿಸಿ ಎಂದರೆ ಆಗ ನಿಜವಾದ ಪಂಚಾಯಿತಿ ಶುರು. ಸುತ್ತಲಿನ ಖಾಲಿ ಜಾಗ, ಹೊರಗೆರೆ, ತೊಟ್ಟು, ತೊಟ್ಟಿಗೊಂದು ಎಲೆ ಎಂದು ಕಳೆಯುತ್ತ ಹೋದರೆ ಹಣ್ಣಿನ ಮೈಗೆ ಉಳಿಯುವುದು ನೂರು ಚಿಲ್ಲರೆ ಚೌಕ. ಅದು ದುಂಡಗಿದೆ, ಸಿಪ್ಪೆ ನುಣುಪಾಗಿದೆ, ಒಳಗೆ ರಸ ತುಂಬಿದೆ ಎಂಬುದನ್ನೆಲ್ಲ ಅಷ್ಟರಲ್ಲೇ ಹೇಳಿ ಮುಗಿಸಬೇಕು. ಹೇಳುವ ಹೊಣೆ ಪೂರ್ತಿ ನೆರಳಿನದು.

ಪಿಕ್ಸೆಲ್ ಆರ್ಟ್ ಎಂಬ ಈ ಹುಚ್ಚು ನನಗೆ ಹತ್ತಿ ಬಹಳ ಕಾಲವಾಯಿತು. ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಒಂದು ಚುಕ್ಕಿಯನ್ನು ಎಡಕ್ಕಿಟ್ಟು, ನೋಡಿ, ಮತ್ತೆ ಬಲಕ್ಕಿಟ್ಟು, ಇನ್ನೊಮ್ಮೆ ನೋಡುತ್ತೇನೆ. ಕೋಟಿಗಟ್ಟಲೆ ಚುಕ್ಕಿಗಳ ಫೋಟೋ ತೆಗೆಯುವ ಫೋನು ಜೇಬಿನಲ್ಲೇ ಇರುವಾಗ ಒಂದೊಂದೇ ಚುಕ್ಕಿ ಪೋಣಿಸುವ ಈ ಕರ್ಮ ಯಾಕೆ ಎಂದು ಮನೆಯವರು ಕೇಳಿ ಕೇಳಿ ಸುಮ್ಮನಾಗಿದ್ದಾರೆ.

ಈ ಕಲೆ ಹುಟ್ಟಿದ್ದು ಬಡತನದಲ್ಲಿ. 1983ರಲ್ಲಿ ಜಪಾನಿನಲ್ಲಿ ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್ ಎಂಬ ವಿಡಿಯೋ ಗೇಮ್ ಯಂತ್ರ ಬಂತು. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳ ಟಿ.ವಿ.ಗೆ ಸಿಕ್ಕಿಸುತ್ತಿದ್ದ ‘ಕ್ಯಾಸೆಟ್ ಗೇಮ್’ಗಳಲ್ಲಿ ಹಲವು ಅದರದೇ ನಕಲು. ಆ ಯಂತ್ರದಲ್ಲಿ ಓಡಾಡುವ ಬೊಂಬೆಯ ಒಂದು ತುಂಡಿಗೆ ಸಿಗುತ್ತಿದ್ದುದು ಮೂರೇ ಬಣ್ಣ, ನಾಲ್ಕನೆಯದು ಪಾರದರ್ಶಕ. 1985ರ ಮಾರಿಯೋನನ್ನು ನೋಡಿ. ಬಟ್ಟೆ, ಕೂದಲು, ಚರ್ಮ ಎನ್ನುವಷ್ಟರಲ್ಲಿ ಮೂರೂ ಬಣ್ಣ ಖರ್ಚು. ನೆರಳಿಗೆ ಬಿಡಿಗಾಸೂ ಉಳಿದಿಲ್ಲ. ಅವನನ್ನು ರೂಪಿಸಿದ ಶಿಗೆರು ಮಿಯಾಮೊಟೊ ಅದಕ್ಕೂ ಮೊದಲೇ, 1981ರ ‘ಡಾಂಕಿ ಕಾಂಗ್’ ಆಟದಲ್ಲಿ, ಅವನಿಗೊಂದು ಮೀಸೆ ಅಂಟಿಸಿ, ತಲೆಗೊಂದು ಟೊಪ್ಪಿ ಹಾಕಿದ್ದರು. ಬಾಯಿ ಬಿಡಿಸುವ, ಕೂದಲು ಬಿಡಿಸುವ ಕಷ್ಟ ತಪ್ಪಿತು. ನನಗಂತೂ ಆ ಮೀಸೆ ಕಂಡಾಗಲೆಲ್ಲ ಅದು ಮಾರುವೇಷದ ನೆರಳೇ ಅನ್ನಿಸುತ್ತದೆ. ಕೆಳಗೆ ಕಪ್ಪಗೆ ಅದು ಕೂತಿರುವುದರಿಂದಲೇ ಮೇಲೆ ಮೂಗು ಉಬ್ಬಿ ಕಾಣುತ್ತದೆ. 1990ರಲ್ಲಿ ಸೂಪರ್ ಫ್ಯಾಮಿಕಾಮ್ ಬಂದು, ಒಂದು ಬೊಂಬೆಗೆ ಹದಿನೈದು ಬಣ್ಣ ಸಿಕ್ಕಿದ ಮೇಲಷ್ಟೇ ಮಾರಿಯೋನ ಮೈ ದುಂಡಗಾಯಿತು.

ಇನ್ನೂ ಬಡವರಿದ್ದರು. 1984ರ ಮ್ಯಾಕಿಂಟಾಷ್ ಪರದೆಯಲ್ಲಿ ಕಪ್ಪು ಬಿಟ್ಟರೆ ಬಿಳಿ, ಬಿಳಿ ಬಿಟ್ಟರೆ ಕಪ್ಪು. ಅದರ ಚಿಹ್ನೆಗಳನ್ನು ಸುಸಾನ್ ಕೇರ್ ಗ್ರಾಫ್ ಹಾಳೆಯ ಮೇಲೆ ಮೂವತ್ತೆರಡಕ್ಕೆ ಮೂವತ್ತೆರಡು ಚೌಕಗಳಲ್ಲಿ ಬಿಡಿಸಿದರು. ಅಂಥ ಪರದೆಯಲ್ಲಿ ಬೂದು ಬೇಕಾದರೆ ಒಂದೇ ದಾರಿ: ಒಂದು ಕಪ್ಪು, ಒಂದು ಬಿಳಿ, ಒಂದು ಕಪ್ಪು ಎಂದು ಚದುರಂಗದ ಮಣೆಯ ಹಾಗೆ ಚುಕ್ಕಿ ಇಟ್ಟು, ಬೆರೆಸುವ ಕೆಲಸವನ್ನು ನೋಡುವವರ ಕಣ್ಣಿಗೆ ಬಿಡುವುದು. ಇದಕ್ಕೆ ಡಿದರಿಂಗ್ ಎನ್ನುತ್ತಾರೆ. 1991ರ ‘ಸೋನಿಕ್’ ಆಟದ ಜಲಪಾತದಲ್ಲಿ ಚುಕ್ಕಿಗಳ ಬದಲು ಉದ್ದುದ್ದ ಪಟ್ಟೆಗಳಿವೆ. ಹಳೇ ಡಬ್ಬಿ ಟಿ.ವಿ.ಗೆ ಹಳೇ ವೈರಿನಲ್ಲಿ ಚಿತ್ರ ಹೋಗುವಾಗ ಪಟ್ಟೆಗಳು ಕಲಸಿಹೋಗಿ, ನೀರಿನಾಚೆಯ ಬಂಡೆ ಕಾಣುವಂತಾಗುತ್ತಿತ್ತು. ಟಿ.ವಿ.ಯ ದೋಷವನ್ನೇ ಕುಂಚ ಮಾಡಿಕೊಂಡವರು ಆ ಆಟದ ಚಿತ್ರಗಾರರು. ಇಂದಿನ ಸ್ಪಷ್ಟ ಪರದೆಯಲ್ಲಿ ಅದೇ ಜಲಪಾತ ಚಾಪೆಯ ಪಟ್ಟಿಯಾಗಿ ಕಾಣುತ್ತದೆ.

ನನಗೆ ಅಂಥ ಬಡತನವೇನಿಲ್ಲ. ಬೇಕೆಂದರೆ ಒಂದೂವರೆ ಕೋಟಿಗೂ ಮೀರಿದ ಬಣ್ಣಗಳಿವೆ. ಆದರೂ ಮಾವಿಗೆ ನಾಲ್ಕೇ ಎಂದು ಕಟ್ಟುನಿಟ್ಟು ಮಾಡಿಕೊಳ್ಳುತ್ತೇನೆ: ಬೆಣ್ಣೆಯಂಥ ತಿಳಿಹಳದಿ, ಹಳದಿ, ಕಿತ್ತಳೆ, ಇಟ್ಟಿಗೆಗಂದು. ಬಣ್ಣ ಮುಟ್ಟುವ ಮೊದಲು ಸೂರ್ಯನಿಗೊಂದು ಜಾಗ ಗೊತ್ತುಮಾಡಬೇಕು. ಬಹಳ ಜನ ಅವನನ್ನು ಎಡ ಮೇಲ್ತುದಿಯಲ್ಲಿ ನಿಲ್ಲಿಸುತ್ತಾರೆ, ನಾನೂ ಹಾಗೆಯೇ. ಒಮ್ಮೆ ನಿಲ್ಲಿಸಿದ ಮೇಲೆ ಅಲುಗಾಡಿಸುವಂತಿಲ್ಲ. ಹಣ್ಣಿಗೊಬ್ಬ, ಪಕ್ಕದ ಬುಟ್ಟಿಗೊಬ್ಬ ಸೂರ್ಯ ಇರಲಾಗದು. ಇಷ್ಟು ತೀರ್ಮಾನಿಸದೆ ಕೂತವರ ಕೈ ಸುತ್ತ ಅಂಚಿಗೆಲ್ಲ ಕಪ್ಪು ಬಳಿದು ನಡುವೆ ಬೆಳಕು ತುಂಬುತ್ತದೆ. ಬಲ್ಲವರು ಇದನ್ನು ಪಿಲ್ಲೋ ಶೇಡಿಂಗ್ ಎಂದು ನಗುತ್ತಾರೆ. ಹಣ್ಣು ಬಿಡಿಸಿದರೂ ದಿಂಬು, ಮುಖ ಬಿಡಿಸಿದರೂ ದಿಂಬು.

ಇನ್ನು ನೆರಳಿನ ಬಣ್ಣ. ನೆರಳೆಂದರೆ ಕಪ್ಪು ಎಂದು ನಂಬಿಕೊಂಡೇ ನಾವು ದೊಡ್ಡವರಾಗುತ್ತೇವೆ. ಹಳದಿಗೆ ಕಪ್ಪು ಸೇರಿಸಿ ನೋಡಿದರೆ ಪಾಚಿಗಟ್ಟಿದ ಕೊಳೆ ಬಣ್ಣ ಬರುತ್ತದೆ. ಹಳದಿಯ ನೆರಳು ಕಿತ್ತಳೆಯತ್ತ, ಕಿತ್ತಳೆಯದು ಕೆಂಪಿನತ್ತ ಸರಿಯಬೇಕು. ಇದರ ಬಗ್ಗೆ ಉಪನ್ಯಾಸವೇ ಬೇಡ, ನಮ್ಮಮ್ಮನೊಬ್ಬಳಿದ್ದರೆ ಸಾಕು. ಒಂದೇ ಹಣ್ಣಿಗೆ ಮೂರು ಥರ ನೆರಳು ಹಾಕಿ, ಸಾಲಾಗಿ ಇಟ್ಟು ತೋರಿಸಿದೆ. ಕಿತ್ತಳೆ ನೆರಳಿನದನ್ನು ನೋಡಿ, “ಇದು ಹದವಾಗಿದೆ ಕಣೋ” ಎಂದಳು. ಹಸಿರು ನೆರಳಿನದಕ್ಕೆ, “ಇನ್ನೆರಡು ದಿನ ಹುಲ್ಲಲ್ಲಿಡು.” ಕಪ್ಪು ನೆರಳಿನದಕ್ಕೆ, “ಬಿಸಾಕು ಅತ್ಲಾಗೆ, ಮಿಕ್ಕಿದ್ದಕ್ಕೂ ಹತ್ತೀತು.” ಮೂರರಲ್ಲೂ ಹಳದಿ ಒಂದೇ. ಹಣ್ಣಿನ ಹಣೆಬರಹ ಬರೆದದ್ದು ಕೆಳಮೂಲೆಯ ಹತ್ತಿಪ್ಪತ್ತು ಚೌಕಗಳು.

ನನಗೆ ಅತಿ ಖುಷಿ ಕೊಡುವ ಆಟ ಮುಂದಿನದು. ಮಾವಿನ ಆ ನಾಲ್ಕೇ ಬಣ್ಣ ಇಟ್ಟುಕೊಂಡು ಹಿತ್ತಾಳೆ ತಂಬಿಗೆ ಬಿಡಿಸುವುದು. ಮಾವಿನಲ್ಲಿ ಬಣ್ಣಗಳು ಸರದಿ ತಪ್ಪುವುದಿಲ್ಲ: ತಿಳಿಹಳದಿಯ ಪಕ್ಕ ಹಳದಿ, ಅದರ ಪಕ್ಕ ಕಿತ್ತಳೆ, ಕೊನೆಗೆ ಕಂದು. ಬೆಳಕು ಸಿಪ್ಪೆಯ ಮೇಲೆ ನಿಧಾನವಾಗಿ ಇಳಿಯುತ್ತದೆ. ಲೋಹಕ್ಕೆ ಆ ತಾಳ್ಮೆ ಇಲ್ಲ. ತಂಬಿಗೆಯ ಹೊಟ್ಟೆಯ ಮೇಲೆ ಅತಿ ತಿಳಿಯ ಮಗ್ಗುಲಿಗೇ ಅತಿ ಗಾಢ ಬಂದು ಕೂರಬೇಕು. ನಡುವಿನವರು ಜಾಗ ಬಿಡಬೇಕು. ನೆರಳು ಮುಗಿಯುವ ಬಲ ಅಂಚಿನಲ್ಲಿ ಒಂದೇ ಚೌಕದಗಲ ಮತ್ತೆ ಹಳದಿ ಎಳೆಯಬೇಕು, ನೆಲಕ್ಕೆ ಬಿದ್ದ ಬೆಳಕು ಪುಟಿದು ಬಂದಂತೆ. ಆ ಗೆರೆ ಬಿದ್ದ ಗಳಿಗೆಯಲ್ಲಿ ತಂಬಿಗೆ ಹೊಳೆಯುತ್ತದೆ. ಬಣ್ಣ ಬದಲಾಗಿಲ್ಲ, ನೆರೆಹೊರೆ ಬದಲಾಗಿದೆ. ಹಣ್ಣು, ಹಿತ್ತಾಳೆ ಎಂಬ ವ್ಯತ್ಯಾಸ ಇರುವುದು ಯಾವ ಬಣ್ಣದ ಪಕ್ಕ ಯಾವುದು ಕೂತಿದೆ ಎಂಬುದರಲ್ಲಿ ಮಾತ್ರ.

ಹತ್ತಿರದಿಂದ ಕೆಲಸ ಮಾಡುವಾಗ ಇದೇನೂ ಕಾಣುವುದಿಲ್ಲ. ಎಂಟು ಪಟ್ಟು ಹಿಗ್ಗಿಸಿದ ಪರದೆಯಲ್ಲಿ ಇರುವುದು ಬರೀ ಇಟ್ಟಿಗೆಗಳ ರಾಶಿ. ಆಗಾಗ ಕುಗ್ಗಿಸಿ ನೋಡಬೇಕು. ನೆರಳಿನ ಮೆಟ್ಟಿಲುಗಳು ಹೊರಗೆರೆಯ ಮೆಟ್ಟಿಲುಗಳ ಪಕ್ಕದಲ್ಲೇ ತುದಿಗೆ ತುದಿ ಸೇರಿಸಿ ಸಾಲುಗಟ್ಟಿದ್ದರೆ ಚೌಕಗಳು ಎದ್ದು ಕಂಡು, ದುಂಡು ಮಾಯವಾಗಿರುತ್ತದೆ. ಒಂದು ಚುಕ್ಕಿ ಸರಿಸಿದರೆ ಸಾಲು ಒಡೆದು ಹಣ್ಣು ವಾಪಸ್ ಬರುತ್ತದೆ. ಎಣ್ಣೆವರ್ಣದ ಚಿತ್ರಗಾರನಿಗೆ ಒಂದು ಚುಕ್ಕಿಯಿಂದ ಚಿತ್ರ ಗೆಲ್ಲುವ ಯೋಗ ಎಷ್ಟು ಸಲ ಬಂದೀತು? ನಮಗೆ ಅದು ದಿನಾ ರಾತ್ರಿಯ ಪ್ರಸಾದ.

ಚಿತ್ರ ಮುಗಿಯಿತು ಎನ್ನುವಾಗ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ: ಒಂದು ಬಣ್ಣ ಕಿತ್ತುಹಾಕಿ ನೋಡುವುದು. ಮಾವಿನಿಂದ ಕಿತ್ತಳೆ ತೆಗೆದರೆ ಹಣ್ಣು ಗಡುಸಾಗುತ್ತದೆ, ಬಾಯಲ್ಲಿ ನೀರೂರುವುದು ನಿಲ್ಲುತ್ತದೆ. ಹಾಗಾಗಿ ಅದನ್ನು ಮತ್ತೆ ಕರೆತರುತ್ತೇನೆ. ತಂಬಿಗೆಯಿಂದ ಅದೇ ಕಿತ್ತಳೆ ತೆಗೆದರೆ ಹುಣಸೆಹಣ್ಣು ಹಾಕಿ ತಿಕ್ಕಿದಷ್ಟು ಹೊಳಪು. ಜಗತ್ತಿನಲ್ಲಿ ಇನ್ನಷ್ಟು ಬೇಕು ಎಂಬ ದುರಾಸೆಯವರನ್ನು ಬೇಕಾದಷ್ಟು ನೋಡಿದ್ದೇವೆ. ನನ್ನದು ತಿರುಗಾಮುರುಗಾ ದುರಾಸೆ. ತಂಬಿಗೆ ಮೂರು ಬಣ್ಣಕ್ಕೆ ಇಳಿದಿದೆ. ಎರಡರಲ್ಲಿ ಆದೀತೇ ಎಂದು ಕೈ ತುರಿಸುತ್ತಿದೆ.