ಗುಳೆಯ ಹಾದಿಯಲ್ಲಿ ಕಮಲಾಪುರ

ಕಲಬುರಗಿಯಿಂದ ಹುಮನಾಬಾದ ಮಾರ್ಗ ಹಿಡಿದು ಒಂದು ತಾಸು ಸಾಗಿದರೆ ಕಮಲಾಪುರ ದೊರೆಯುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಇಲ್ಲಿಯ ಕೆಂಪು ಬಾಳೆಯನ್ನು ಅರಿಯದ ಭಕ್ತರು ನಮ್ಮ ಸೀಮೆಯಲ್ಲಿ ವಿರಳ. ಆ ತೋಟಗಳನ್ನು ನೋಡಲೆಂದು ಮಾಘಮಾಸದಲ್ಲಿ ಹೋದ ನಮಗೆ ಸುತ್ತಲಿನ ತಾಂಡಾಗಳಲ್ಲಿ ಸಾಲುಸಾಲಾಗಿ ಬೀಗ ಹಾಕಿದ ಮನೆಗಳು ಕಂಡವು.

ತೊಗರಿಯ ರಾಶಿ ಮುಗಿದ ಮೇಲೆ ಮಳೆಯನ್ನೇ ನಂಬಿದ ಹೊಲದಲ್ಲಿ ಮುಂಗಾರಿನವರೆಗೆ ಕೆಲಸವಿಲ್ಲ. ಆಗ ಮುಂಬಯಿ, ಪುಣೆ, ಹೈದರಾಬಾದ, ಬೆಂಗಳೂರುಗಳಿಗೆ ಗುಳೆ ಹೊರಡುತ್ತದೆ. ೧೮೭೧ರಲ್ಲಿ ಮುಂಬಯಿ–ಮದ್ರಾಸು ರೈಲುಮಾರ್ಗ ಈ ನಾಡನ್ನು ಹಾಯ್ದು ರಾಯಚೂರಿನಲ್ಲಿ ಕೂಡಿದಂದಿನಿಂದ ಮುಂಬಯಿ ನಮ್ಮವರಿಗೆ ದೂರದ ಊರಾಗಿ ಉಳಿಯಲಿಲ್ಲ. ೧೯೭೨ರ ಬರ ಆ ದಾರಿಯನ್ನು ಮತ್ತಷ್ಟು ಸವೆಸಿತು. ೨೦೧೭ರಲ್ಲಿ ಬೀದರ ರೈಲು ಕಮಲಾಪುರವನ್ನೂ ಮುಟ್ಟಿತು.

ತಾಂಡಾದ ಕಟ್ಟೆಯ ಮೇಲೆ ಇಬ್ಬರು ಮೊಮ್ಮಕ್ಕಳೊಡನೆ ಕುಳಿತಿದ್ದ ಮುದುಕಿಯನ್ನು ಮಾತನಾಡಿಸಿದೆವು. "ರೊಕ್ಕ ತಪ್ಪದೇ ಕಳಸ್ತಾರ್ರಿ ಅಪ್ಪೋರೆ. ಹೋದ ಹೋಳಿಗಿ ಬಂದಾಗ ಈ ಸಣ್ಣಾಂವ ಅವ್ವನ ಗುರ್ತಾ ಹಿಡಿಲಿಲ್ಲ" ಎಂದಳು. ಆ ರೊಕ್ಕದಿಂದಲೇ ಸಾಲ ತೀರಿದೆ, ಮನೆಗೆ ಸ್ಲ್ಯಾಬು ಬಿದ್ದಿದೆ, ಮಗಳ ಮದುವೆಯಾಗಿದೆ. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೆಂಪು ಬಾಳೆ ವರುಷಕ್ಕೂ ಮೀರಿ ನೆಲದಲ್ಲಿ ನಿಲ್ಲುವ ಪೈರು. ನೀರು, ಗೊಬ್ಬರ, ಆಸರೆಯ ಕೋಲು ಎಂದು ನಿತ್ಯ ಆಳು ಬೇಡುತ್ತದೆ. ಆರು ತಿಂಗಳು ಊರಲ್ಲಿಲ್ಲದ ಮನೆತನ ಅದನ್ನು ಹೇಗೆ ಬೆಳೆದೀತು? ಆಳು ಸಿಗದೆ ಬಾಳೆ ಕೈಬಿಟ್ಟೆನೆಂದು ರೈತರೊಬ್ಬರು ನಮ್ಮೆದುರು ನೊಂದುಕೊಂಡರು.

ಮುಂಬಯಿಗಾದರೋ ಇದು ಲಾಭವೇ. ಹೆತ್ತು, ಸಾಕಿ, ಇಪ್ಪತ್ತು ವರುಷ ಉಣಿಸಿದ ಖರ್ಚು ತಾಂಡಾದ್ದು; ದುಡಿಯುವ ತೋಳು ಅಲ್ಲಿಯದು. ಕೊಲ್ಲಿ ದೇಶಗಳಿಗೂ ಕೇರಳಕ್ಕೂ ಇರುವ ಲೆಕ್ಕ ಇದೇ ಬಗೆಯದು: ಅಲ್ಲಿ ಮುಗಿಲು ಮುಟ್ಟುವ ಕಟ್ಟಡ, ಇಲ್ಲಿ ದೊಡ್ಡ ಮನೆಯಲ್ಲಿ ಒಂಟಿ ತಂದೆತಾಯಿ.

ಕಲಬುರಗಿಗೆ ಮರಳಿ ನೋಡಿದರೆ ಹೊಸ ಬಡಾವಣೆಯೊಂದರಲ್ಲಿ ನೆಲಕ್ಕೆ ಟೈಲ್ಸು ಹಾಸುತ್ತಿದ್ದವರು ಬಿಹಾರದ ಹುಡುಗರು! ನಮ್ಮವರು ಮುಂಬಯಿಯಲ್ಲಿ ಕಲ್ಲು ಹೊರುತ್ತಿರಲು ಇಲ್ಲಿ ಗಂಗಾತೀರದವರು ಬಂದಿದ್ದಾರೆ. "ಹೊರಗಿನವರು ಕೂಲಿ ಕೆಡಿಸಿದರು" ಎಂದು ಗೊಣಗುವ ಮನೆಯವರು ಮುಂಬಯಿಯಲ್ಲಿ ನಮ್ಮವರ ಬಗೆಗೂ ಇದೇ ಮಾತು ಕೇಳಿಬರುತ್ತದೆಂಬುದನ್ನು ಅರಿಯರು. ಇದೇ ಹುಮನಾಬಾದ ಮಾರ್ಗ ಮುಂದೆ ಕಲ್ಯಾಣಕ್ಕೆ ಒಯ್ಯುತ್ತದೆ. ಅಲ್ಲಿ ಕಟ್ಟಿಗೆ ಮಾರಿ ಕಾಯಕ ನಡೆಸಿದ ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದವರೆಂದು ನಮ್ಮ ಪರಂಪರೆ ಹೇಳುತ್ತದೆ. ಅವರನ್ನು ಹೊರಗಿನವರೆಂದು ನಾವಾರೂ ಕರೆದಿಲ್ಲ.

೨೦೨೦ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ದಿನಗಳಲ್ಲಿ, ಮಹಾರಾಷ್ಟ್ರದಿಂದ ಸಾವಿರಾರು ಜನ ಈ ಜಿಲ್ಲೆಗೆ ಹಿಂದಿರುಗಿದರು. ಶಾಲೆಗಳೇ ಕ್ವಾರಂಟೈನ್ ಕೇಂದ್ರಗಳಾದವು. ಹುಟ್ಟೂರಿನ ಜನವೇ ಅವರನ್ನು ಕಂಡು ಬಾಗಿಲು ಮುಚ್ಚಿಕೊಂಡುದೂ ಉಂಟು. ಇನ್ನು ಹೋಗೆವು ಎಂದು ಆಗ ಹೇಳಿದವರಲ್ಲಿ ಬಹಳ ಮಂದಿ ಮರುವರ್ಷದ ರಾಶಿ ಮುಗಿಸಿ ಮತ್ತೆ ಹೊರಟರು. ಮುಕಾದಮನ ಮುಂಗಡ ಅವರ ಕೈಸೇರಿತ್ತು.